ಮಂಡಿಗೆ ಕಟ್ಟು ಕೊಳ್ಳುವ ಮುನ್ನ

ಮೆಡಿಕಲ್ ಶಾಪಿನಲ್ಲಿ ನೀ ಕ್ಯಾಪ್ ಕೇಳಿದರೆ ಬರುವ ಮೊದಲ ಪ್ರಶ್ನೆ, ಸೈಜ್ ಯಾವುದು ಎಂಬುದು. ಎರಡನೆಯದು, ಎಷ್ಟರದ್ದು ಕೊಡಲಿ ಎಂಬುದು. ಕಬಡ್ಡಿ, ಷಟಲ್ ಆಡುವವರ ಮಂಡಿನೋವುಗಳ ನಡುವೆ ಬಹುಕಾಲ ಕಳೆದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಈ ಎರಡಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಮಂಡಿ ಯಾವ ದಿಕ್ಕಿಗೆ ಜಾರುತ್ತಿದೆ? ಇದಕ್ಕೆ ಉತ್ತರ ತಿಳಿಯದೆ ಕೊಂಡ ಕಟ್ಟು ಅಗ್ಗದ್ದಾಗಲಿ ದುಬಾರಿಯದ್ದಾಗಲಿ, ಕೊಡುವುದು ಬರೀ ಧೈರ್ಯವನ್ನು. ಲಿಗಮೆಂಟ್ ಹರಿದವರಿಗೆ ಹುಸಿ ಧೈರ್ಯಕ್ಕಿಂತ ದೊಡ್ಡ ಅಪಾಯವಿಲ್ಲ. ಬಿಗಿ ಇದ್ದಷ್ಟೂ ಭದ್ರ ಎಂಬ ನಂಬಿಕೆ ನಮ್ಮ ಅಂಕಣಗಳಲ್ಲಿ ಬೇರೂರಿದೆ. ಒಂದು ಸಾಲದೆಂದು ಎರಡು ನೀ ಕ್ಯಾಪ್ ಏರಿಸಿಕೊಂಡು ಇಳಿಯುವವರೂ ಇದ್ದಾರೆ. ಆ ನಂಬಿಕೆ ಏಕೆ ತಪ್ಪು ಎಂಬುದನ್ನು ಮಂಡಿಯ ಒಳಗಿನಿಂದಲೇ ನೋಡಬೇಕು.

ಮಂಡಿಯನ್ನು ಹಿಡಿದಿಡುವ ಮುಖ್ಯ ಲಿಗಮೆಂಟುಗಳು ನಾಲ್ಕು. ಒಳಪಕ್ಕದ ಎಂಸಿಎಲ್, ಮಂಡಿ ಒಳಗಡೆಗೆ ಬಾಗಿ ಕುಸಿಯದಂತೆ ತಡೆಯುತ್ತದೆ. ಹೊರಪಕ್ಕದ ಎಲ್‌ಸಿಎಲ್, ಹೊರಗಡೆಗೆ ಬಾಗದಂತೆ ನೋಡಿಕೊಳ್ಳುತ್ತದೆ. ಕೀಲಿನ ನಟ್ಟನಡುವೆ ಒಂದನ್ನೊಂದು ಹಾಯುವ ಎರಡು ಲಿಗಮೆಂಟುಗಳಲ್ಲಿ ಎಸಿಎಲ್, ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಕಾಯುತ್ತದೆ; ಪಿಸಿಎಲ್ ಅದೇ ಮೂಳೆ ಹಿಂದಕ್ಕೆ ಸರಿಯದಂತೆ ಕಾಯುತ್ತದೆ. ಕಬಡ್ಡಿಯಲ್ಲಿ ಇವುಗಳ ಮೇಲೆ ಬೀಳುವ ಏಟುಗಳೂ ಬೇರೆ ಬೇರೆ. ಕವರ್ ಆಟಗಾರ ಪಕ್ಕದಿಂದ ಬಂದು ಡ್ಯಾಶ್ ಕೊಟ್ಟಾಗ ಮಂಡಿಯ ಹೊರಬದಿಗೆ ಬಿದ್ದ ಹೊಡೆತ ಒಳಪಕ್ಕದ ಎಂಸಿಎಲ್ ಅನ್ನು ಹಿಗ್ಗಿಸುತ್ತದೆ. ರೈಡರ್ ಮಧ್ಯರೇಖೆಯತ್ತ ತಿರುಗುವ ಕ್ಷಣದಲ್ಲಿ ಅವನ ಪಾದ ಮ್ಯಾಟಿಗೆ ಕಚ್ಚಿಕೊಂಡು, ತೊಡೆಯನ್ನು ಯಾರೋ ಹಿಡಿದು, ಮೈ ಮಾತ್ರ ತಿರುಗಿದರೆ ಪೆಟ್ಟು ಎಸಿಎಲ್‌ಗೆ. ಹೊರಗಿನಿಂದ ನೋಡಿದರೆ ಎರಡಕ್ಕೂ ‘ಮಂಡಿ ಹೊರಳಿತು’ ಎಂಬ ಒಂದೇ ಮಾತು. ಕಟ್ಟಿನ ವಿಷಯಕ್ಕೆ ಬಂದಾಗ ಇವೆರಡಕ್ಕೂ ಅಜಗಜಾಂತರ.

ಮೊದಲು ಸ್ಲೀವ್, ಅಂದರೆ ನಾವು ನೀ ಕ್ಯಾಪ್ ಎನ್ನುವ ಹಿಗ್ಗುವ ತೋಳು. ಇದು ಕೀಲನ್ನು ಬೆಚ್ಚಗಿಡುತ್ತದೆ, ಸಣ್ಣ ಬಾವನ್ನು ಒತ್ತಿ ಹಿಡಿಯುತ್ತದೆ, ನೋವಿನ ಅರಿವನ್ನು ತುಸು ತಗ್ಗಿಸುತ್ತದೆ. ಇನ್ನೂ ಒಂದು ಸೂಕ್ಷ್ಮ ಉಪಕಾರ ಅದರಿಂದಿದೆ. ಚರ್ಮದ ಮೇಲಿನ ಒತ್ತಡದಿಂದಾಗಿ, ಮಂಡಿ ಈಗ ಎಷ್ಟು ಮಡಿಚಿದೆ ಎಂಬ ಸುದ್ದಿ ಮಿದುಳಿಗೆ ಹೆಚ್ಚು ಸ್ಪಷ್ಟವಾಗಿ ತಲುಪುತ್ತದೆ. ಗಾಯದಿಂದ ಈ ಅರಿವು ಮಂದವಾದವರಿಗೆ ಅದರ ಲಾಭ ಹೆಚ್ಚು. ಆದರೆ ಬಟ್ಟೆ ಮೂಳೆಯನ್ನು ತಡೆಯಲಾರದು. ‘ಹಾಕಿಕೊಂಡರೆ ನಿಜಕ್ಕೂ ಗಟ್ಟಿ ಅನಿಸುತ್ತದಲ್ಲ?’ ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆ ಅನಿಸಿಕೆ ನಿಜ, ಅದರಿಂದ ಪ್ರಯೋಜನವೂ ಇದೆ. ಸವೆತದ ನೋವಿರುವವರಿಗೆ, ಪೂರ್ಣ ಗುಣವಾದ ಹಳೆಯ ಉಳುಕಿನವರಿಗೆ ಅಷ್ಟು ಸಾಕು. ಮಂಡಿ ಕೈಕೊಡುತ್ತಿರುವವನಿಗೆ ಸಾಲದು, ಏಕೆಂದರೆ ಅವನಿಗೆ ಬೇಕಾಗಿರುವುದು ಮೂಳೆಯ ಚಲನೆಗೆ ತಡೆ. ಭಾರ ಎತ್ತುವವರ ದಪ್ಪ ಸ್ಲೀವಿಗೂ ಈ ಮಾತು ಅನ್ವಯಿಸುತ್ತದೆ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ನಿಯಮ 7 ಮಿಲಿಮೀಟರ್ ದಪ್ಪದವರೆಗೆ ಒಪ್ಪುವ ಆ ಸ್ಲೀವ್, ಪಾದ ಕದಲಿಸದೆ ಕುಳಿತು ಏಳುವ ಸ್ಕ್ವಾಟಿಗಾಗಿ ಇರುವಂಥದ್ದು. ಓಡಿ ತಿರುಗುವ ಆಟಕ್ಕೆ ಅದು ಭಾರದ ಹೊರೆ.

ಪಕ್ಕದ ಲಿಗಮೆಂಟಿನ ವಿಷಯದಲ್ಲಿ ಕಟ್ಟಿನ ಪ್ರಯೋಜನ ಹೆಚ್ಚು. ಎರಡೂ ಬದಿಗೆ ಗಟ್ಟಿ ಪಟ್ಟಿ, ನಡುವೆ ಕೀಲು ಇರುವ ಹಿಂಜ್ಡ್ ಬ್ರೇಸ್ ಮಂಡಿಯನ್ನು ಮಡಿಚಲು ಬಿಟ್ಟು ಪಕ್ಕಕ್ಕೆ ಬಾಗುವುದನ್ನು ತಡೆಯುತ್ತದೆ. ಎಂಸಿಎಲ್ ಗಣನೀಯವಾಗಿ ಹರಿದಾಗ ಕೆಲವು ವಾರ ಇದನ್ನು ತೊಡಿಸಿ, ಆ ರಕ್ಷಣೆಯಲ್ಲೇ ವ್ಯಾಯಾಮ ಮಾಡಿಸುವುದು ಒಪ್ಪಿತ ಕ್ರಮ. ರಕ್ತಸಂಚಾರ ಚೆನ್ನಾಗಿರುವ ಈ ಲಿಗಮೆಂಟ್ ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆ ಕೂಡಿಕೊಳ್ಳುತ್ತದೆ. ಹಾಗಾದರೆ ಪೆಟ್ಟಾಗದವರೂ ಮುನ್ನೆಚ್ಚರಿಕೆಗೆ ತೊಟ್ಟುಕೊಂಡರೆ ಆಗದೇ ಎಂದು ಕೇಳಬಹುದು. ಈ ಪ್ರಶ್ನೆಗೆ ಅಮೆರಿಕನ್ ಫುಟ್‌ಬಾಲ್ ಕೊಟ್ಟ ಉತ್ತರಗಳು ಒಂದಕ್ಕೊಂದು ಎದುರು ನಿಂತಿವೆ. ಕಾಲೇಜು ಆಟಗಾರರನ್ನು ಕುರಿತ 1987ರ ಒಂದು ಅಧ್ಯಯನದಲ್ಲಿ ಬ್ರೇಸ್ ತೊಟ್ಟವರಿಗೇ ಮಂಡಿಯ ಪೆಟ್ಟು ಹೆಚ್ಚಾಗಿತ್ತು. 1990ರಲ್ಲಿ ಪ್ರಕಟವಾದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಅಧ್ಯಯನ 1,396 ಕೆಡೆಟ್‌ಗಳನ್ನು ಲಾಟರಿ ಕ್ರಮದಲ್ಲಿ ಎರಡು ಗುಂಪು ಮಾಡಿ ನೋಡಿತು. ಅಲ್ಲಿ ಬ್ರೇಸ್ ತೊಟ್ಟವರಿಗೆ ಪೆಟ್ಟು ಕಡಿಮೆ. ಆದರೆ ಆ ಲಾಭ ರಕ್ಷಣಾ ವಿಭಾಗದ ಆಟಗಾರರಿಗೆ ಸೀಮಿತವಾಗಿತ್ತು, ಆದ ಪೆಟ್ಟುಗಳ ತೀವ್ರತೆಯೂ ತಗ್ಗಲಿಲ್ಲ. ನಾನು ಇದರಿಂದ ತೆಗೆದುಕೊಳ್ಳುವ ತೀರ್ಮಾನ: ಪಕ್ಕದ ಹೊಡೆತ ಪದೇಪದೇ ಬೀಳುವ ಜಾಗದಲ್ಲಿ ಆಡುವವರಿಗೆ ಬ್ರೇಸಿನ ಪರ ವಾದ ಇದೆ, ಉಳಿದ ಆರೋಗ್ಯವಂತ ಮಂಡಿಗಳಿಗೆ ಇಲ್ಲ.

ಎಸಿಎಲ್ ಕಥೆ ಎಲ್ಲಕ್ಕಿಂತ ಕಠಿಣ, ಜನ ಹೆಚ್ಚು ಹಣ ಸುರಿಯುವುದೂ ಇಲ್ಲೇ. ನ್ಯೂಯಾರ್ಕಿನ ಲೆನಾಕ್ಸ್ ಹಿಲ್ ಆಸ್ಪತ್ರೆಯ ಡಾ. ಜೇಮ್ಸ್ ನಿಕೊಲಸ್ 1960ರ ದಶಕದಲ್ಲಿ ಜೋ ನಾಮತ್ ಎಂಬ ಅಮೆರಿಕನ್ ಫುಟ್‌ಬಾಲ್ ತಾರೆಯ ಮಂಡಿಯನ್ನು ನೋಡಿಕೊಂಡರು. ಅವನಿಗಾಗಿ ಮಾಡಿಸಿದ ಬ್ರೇಸಿನಿಂದಲೇ ಇಂದಿನ ಫಂಕ್ಷನಲ್ ಬ್ರೇಸುಗಳ, ಅಂದರೆ ಲಿಗಮೆಂಟ್ ಹರಿದವರು ಆಡುವಾಗ ತೊಡುವ ಬ್ರೇಸುಗಳ ಪರಂಪರೆ ಬೆಳೆಯಿತು. ಆಮೇಲೆ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಬ್ರೂಸ್ ಬೆನನ್ ಮತ್ತು ಸಂಗಡಿಗರು ಜೀವಂತ ಮನುಷ್ಯರ ಎಸಿಎಲ್‌ಗೇ ಸಣ್ಣ ಅಳತೆಯ ಸಾಧನ ಕೂರಿಸಿ ಪರೀಕ್ಷಿಸಿದರು. ಹಗುರ ಬಲ ಹಾಕಿದಾಗ ಬ್ರೇಸ್ ಲಿಗಮೆಂಟಿನ ಎಳೆತವನ್ನು ತಗ್ಗಿಸಿತು. ಬಲ ಏರಿದಂತೆ ಆ ರಕ್ಷಣೆ ಕರಗಿತು. ಕಾರಣ ಸರಳ. ಬ್ರೇಸ್ ಹಿಡಿಯುವುದು ಮಾಂಸವನ್ನು, ಹಿಡಿಯಬೇಕಾದದ್ದು ಮೂಳೆಯನ್ನು. ಹಾಸಿಗೆ ಸುತ್ತಿದ ಕೋಲನ್ನು ಹೊರಗಿನಿಂದ ಎಷ್ಟೇ ಬಿಗಿದರೂ ಒಳಗೆ ಕೋಲು ಜರುಗುತ್ತದೆ. ಆಟದ ವಿಡಿಯೊಗಳನ್ನು ಬಿಡಿಸಿ ನೋಡಿದ ಸಂಶೋಧಕರ ಅಂದಾಜಿನಂತೆ ಎಸಿಎಲ್ ಹರಿಯುವುದು ಪಾದ ನೆಲಕ್ಕೆ ತಗುಲಿದ ಸುಮಾರು 40 ಮಿಲಿಸೆಕೆಂಡಿನಲ್ಲಿ. ಅಷ್ಟರಲ್ಲಿ ಸ್ನಾಯು ಎಚ್ಚೆತ್ತು ಸಾವರಿಸಿಕೊಳ್ಳಲು ಸಮಯವೇ ಇಲ್ಲ. ನೆಲಕ್ಕಿಳಿಯುವ ಮುನ್ನವೇ ತೊಡೆಯ ಹಿಂಬದಿಯ ಸ್ನಾಯುಗಳು ಸಜ್ಜಾಗಿರಬೇಕು. ಅದು ತರಬೇತಿಯಿಂದ ಮಾತ್ರ ಬರುತ್ತದೆ.

ಹಾಗೆಂದು ಬ್ರೇಸನ್ನು ಪೂರ್ತಿ ತಳ್ಳಿಹಾಕಿದರೂ ನ್ಯಾಯವಾಗದು. ಎಸಿಎಲ್ ಮರುಜೋಡಣೆ ಮಾಡಿಸಿಕೊಂಡ ಸ್ಕೀಯಿಂಗ್ ಪಟುಗಳ ಮೇಲೆ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ರೇಸ್ ತೊಟ್ಟವರಿಗೆ ಮತ್ತೆ ಪೆಟ್ಟಾದದ್ದು ಕಡಿಮೆ. ಮರುವರ್ಷ ಬಂದ ಇನ್ನೊಂದು ಸಮೀಕ್ಷೆ, ಶಸ್ತ್ರಚಿಕಿತ್ಸೆಯ ನಂತರ ಎಲ್ಲರಿಗೂ ರೂಢಿಯಂತೆ ಬ್ರೇಸ್ ತೊಡಿಸುವುದರಿಂದ ನೋವು, ಚಲನೆ, ಸ್ಥಿರತೆ ಯಾವುದರಲ್ಲೂ ಲಾಭ ಕಾಣಲಿಲ್ಲ ಎಂದಿತು. ಎರಡನ್ನೂ ಕೂಡಿಸಿ ಓದಿದರೆ ಬ್ರೇಸ್ ಒಂದು ನಿರ್ದಿಷ್ಟ ಅಪಾಯಕ್ಕೆ ಕೊಡುವ ನಿರ್ದಿಷ್ಟ ಮದ್ದು ಎಂಬುದು ಸ್ಪಷ್ಟ. ಇನ್ನೊಂದು ಆಕ್ಷೇಪ ಹಿರಿಯರಿಂದ ಬರುತ್ತದೆ: ಕಟ್ಟಿದರೆ ಕಾಲು ಸೊರಗುತ್ತದೆ. ಸೊರಗಿಸುವುದು ಗಾಯ ಮತ್ತು ಅನಂತರದ ನಿಷ್ಕ್ರಿಯತೆ. ಬಾತ ಮಂಡಿಯಲ್ಲಿ ತೊಡೆಯ ಮುಂದಿನ ಸ್ನಾಯುವನ್ನು ನರಮಂಡಲವೇ ತಡೆಹಿಡಿಯುತ್ತದೆ. ಕೆಲವೇ ವಾರಗಳಲ್ಲಿ ತೊಡೆ ಕಣ್ಣಿಗೆ ಕಾಣುವಷ್ಟು ಕರಗುತ್ತದೆ. ನೀ ಕ್ಯಾಪ್ ತೊಟ್ಟೇ ವ್ಯಾಯಾಮ ಮಾಡುವವನ ಕಾಲು ಸೊರಗದು. ನೀ ಕ್ಯಾಪ್ ಇದೆಯಲ್ಲ ಎಂದು ವ್ಯಾಯಾಮ ಬಿಟ್ಟವನ ಕಾಲು ಖಂಡಿತ ಸೊರಗುತ್ತದೆ.

ಕೊಳ್ಳಬೇಕೆಂದು ತೀರ್ಮಾನವಾದ ಮೇಲೆ ಅಳತೆಯ ಮಾತು. ಪ್ಯಾಂಟಿನ ಸೈಜ್ ನಂಬಬಾರದು. ಮಂಡಿಚಿಪ್ಪಿನ ನಡುವಿನ ಸುತ್ತಳತೆ, ಅದರಿಂದ ಮೇಲೆ ಮತ್ತು ಕೆಳಗೆ ಕಂಪನಿ ಹೇಳಿದ ದೂರದಲ್ಲಿನ ಸುತ್ತಳತೆಗಳನ್ನು ಟೇಪ್ ಹಿಡಿದು ತೆಗೆದು ಆ ಕಂಪನಿಯ ಪಟ್ಟಿಗೇ ಹೋಲಿಸಬೇಕು. ಒಬ್ಬರ ‘ಎಲ್’ ಇನ್ನೊಬ್ಬರ ‘ಎಂ’ ಆಗಿರುತ್ತದೆ. ಹಿಂಜ್ಡ್ ಬ್ರೇಸಿನ ಕೀಲು ಮಂಡಿಚಿಪ್ಪಿನ ನಡುಮಟ್ಟಕ್ಕೆ, ಕಾಲಿನ ಪಕ್ಕದ ನಡುಗೆರೆಗಿಂತ ತುಸು ಹಿಂದೆ ಕೂರಬೇಕು. ಹತ್ತು ನಿಮಿಷ ನಡೆದು, ಕುಳಿತು ಎದ್ದಾಗ ಅದು ಕೆಳಗೆ ಜಾರಿದ್ದರೆ ಆ ಬ್ರೇಸ್ ನಿಮ್ಮದಲ್ಲ. ಬದಿಗೆ ಸುರುಳಿ ಸ್ಪ್ರಿಂಗ್ ಹೊಲಿದ ನೀ ಕ್ಯಾಪನ್ನು ಹಿಂಜ್ಡ್ ಎಂದು ಭಾವಿಸಬೇಡಿ. ಅದು ಬಟ್ಟೆ ಮುದುರದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಕರಾವಳಿಯ ಸೆಕೆಯಲ್ಲಿ ನಿಯೋಪ್ರೀನ್ ಬೆವರು ಹಿಡಿಯುತ್ತದೆ, ಅದರಲ್ಲಿನ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಅಂಥವರಿಗೆ ಹೆಣೆದ ಬಟ್ಟೆಯದ್ದು ಮೇಲು. ಪಾದ ಜುಮ್ಮೆಂದರೆ, ತಣ್ಣಗಾದರೆ, ಮೀನಖಂಡ ಬಾತರೆ ತಕ್ಷಣ ಬಿಚ್ಚಬೇಕು. ಬಿಚ್ಚಿದ ಮೇಲೂ ಮೀನಖಂಡದ ಬಾವು, ನೋವು ಇಳಿಯದಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾದವರು, ರಕ್ತನಾಳದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಿಗಿ ಕಟ್ಟು ತೊಡಬಾರದು.

ಕೊನೆಯ ಆಕ್ಷೇಪ ಹಣದ್ದು, ಅದೇ ಗಂಭೀರವಾದದ್ದು. ಊರಿನ ತಂಡಕ್ಕೆ ಫಿಸಿಯೊ ಎಲ್ಲಿಂದ ಬರಬೇಕು, ನೀ ಕ್ಯಾಪ್ ಆದರೆ ಸಂತೆಯಲ್ಲೂ ಸಿಗುತ್ತದೆ ಎನ್ನುತ್ತಾರೆ. ಪೆಟ್ಟಾದಾಗ ‘ಟಪ್’ ಎಂದ ಸದ್ದು, ಕೆಲವೇ ಗಂಟೆಗಳಲ್ಲಿ ಏರಿದ ಬಾವು, ನಡೆಯುವಾಗ ಕೈಕೊಡುವ ಕಾಲು, ಮಡಿಚಿ ಸಿಕ್ಕಿಕೊಳ್ಳುವ ಕೀಲು, ಇವುಗಳಲ್ಲಿ ಒಂದು ಕಂಡರೂ ಕಟ್ಟಿಗೆ ಇಟ್ಟ ಹಣ ಮೊದಲು ಮೂಳೆ ವೈದ್ಯರ ಬಳಿ ಹೋಗಬೇಕು. ಅನುಭವಿ ಕೈ ಲ್ಯಾಕ್‌ಮನ್ ಪರೀಕ್ಷೆಯಲ್ಲಿ ಮಂಡಿಯನ್ನು ತುಸು ಮಡಿಸಿ ಮೂಳೆಯನ್ನು ಮುಂದಕ್ಕೆಳೆದು ನೋಡಿದರೆ, ಎಂಆರ್‌ಐಗೆ ಮೊದಲೇ ಬಹಳಷ್ಟು ತಿಳಿಯುತ್ತದೆ. ಎಸಿಎಲ್ ಹರಿದರೂ ಶಿಸ್ತಿನ ವ್ಯಾಯಾಮ ಏನು ಮಾಡಬಲ್ಲದೆಂದು 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ತೋರಿಸಿದೆ: ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಶಸ್ತ್ರಚಿಕಿತ್ಸೆ ಎಂದು ಹೊರಟ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಎರಡು ವರ್ಷದೊಳಗೆ ಆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಪೆಟ್ಟಾಗದಿರಲೆಂದು ರೂಪಿಸಿದ ‘ಫಿಫಾ 11+’ ವಾರ್ಮ್‌ಅಪ್ ಸುಮಾರು 20 ನಿಮಿಷದ್ದು. ಫುಟ್‌ಬಾಲ್ ಅಧ್ಯಯನಗಳಲ್ಲಿ ಗಾಯಗಳನ್ನು ಗಣನೀಯವಾಗಿ ತಗ್ಗಿಸಿದ ಅದಕ್ಕೆ ವಿಶೇಷ ಉಪಕರಣವೂ ಬೇಡ, ಹಣವೂ ಬೇಡ. ಒಂಟಿಕಾಲಿನಲ್ಲಿ ನಿಲ್ಲುವುದು, ಮಂಡಿ ಒಳಕ್ಕೆ ಬಾಗದಂತೆ ಹಾರಿ ಇಳಿಯುವುದು, ತೊಡೆಯ ಹಿಂಬದಿಯನ್ನು ಬಲಪಡಿಸುವುದು ಕಬಡ್ಡಿ ಆಡುವವರಿಗೂ ಬೇಕಾದ ಪಾಠಗಳೇ. ಟೂರ್ನಿಗೆ ಜೆರ್ಸಿ, ಬ್ಯಾನರ್‌ಗಳಿಗೆ ದುಡ್ಡು ಹೊಂದಿಸುವ ನಮ್ಮ ಸಂಘಟಕರು, ತರಬೇತುದಾರರು ಪ್ರತಿದಿನದ ಆ 20 ನಿಮಿಷವನ್ನು ಕಡ್ಡಾಯ ಮಾಡಲಿ. ಅದಾದ ಮೇಲೂ ಯಾವುದೋ ಮಂಡಿಗೆ ಕಟ್ಟು ಬೇಕೆಂದಾದರೆ, ಯಾವ ಲಿಗಮೆಂಟಿಗೆ, ಯಾವ ಚಲನೆಯನ್ನು ತಡೆಯಲು ಎಂದು ಹೇಳಬಲ್ಲವರಿಂದ ಆರಿಸಿ ಕೊಳ್ಳಲಿ.