ಪಿಡಿಎಫ್ ಜೋಡಿಸುವ ಮುನ್ನ ಕ್ರಮ ನೋಡಿ

ಪರೀಕ್ಷೆ ಹತ್ತಿರವಾದಂತೆ ತರಗತಿಯಲ್ಲಿ ಒಬ್ಬರು ಪಿಡಿಎಫ್‌ಗಳನ್ನು ಜೋಡಿಸುತ್ತಾರೆ, ಉಳಿದವರೆಲ್ಲ ಅದನ್ನೇ ಓದುತ್ತಾರೆ. ಕೆಲವರು ಉತ್ತರಹಳ್ಳಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡಿಂಗ್ ಕೂಡ ಹಾಕಿಸುತ್ತಾರೆ. ಪಾಠಗಳ ಕ್ರಮ ತಪ್ಪಿದ್ದರೆ ಹಣ, ಸಮಯ ಎರಡೂ ವ್ಯರ್ಥ. ಹಾಗಾಗಿ ಲಿನಕ್ಸ್ ಟರ್ಮಿನಲ್‌ನಲ್ಲಿ ಕಡತಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವ ವಿಧಾನವನ್ನು ಇಲ್ಲಿ ವಿವರಿಸುತ್ತೇನೆ. ಕಮಾಂಡ್‌ಗಳನ್ನೂ ಪುಸ್ತಕದ ಕಡತಗಳ ಹೆಸರನ್ನೂ ಟೈಪ್ ಮಾಡುವಾಗ ಸಣ್ಣ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ನಾನು ಬಳಸುವ ಕಮಾಂಡ್ 'ಪಿಡಿಎಫ್‌ಯುನೈಟ್'. ಉಬುಂಟುವಿನಲ್ಲಿ ಇದು 'ಪಾಪ್ಲರ್-ಯುಟಿಲ್ಸ್' ಪ್ಯಾಕೇಜಿನಲ್ಲಿದೆ. ಕಮಾಂಡ್ ಆದ ಮೇಲೆ ಜೋಡಿಸಬೇಕಾದ ಕಡತಗಳ ಹೆಸರು, ಕಟ್ಟಕಡೆಗೆ ಹೊಸ ಕಡತದ ಹೆಸರು ಬರೆಯಬೇಕು. ನಾವು ಹೆಸರು ಬರೆದ ಕ್ರಮವೇ ಪುಟಗಳ ಕ್ರಮ.

ತೊಡಕು ಎಲ್ಲಿ?

ಎಲ್ಲ ಹೆಸರು ಬರೆಯುವ ಬದಲು ನಕ್ಷತ್ರ ಚಿಹ್ನೆ ಹಾಕಿದಾಗ ಹೆಸರುಗಳನ್ನು ಸಾಲಾಗಿ ನಿಲ್ಲಿಸುವುದು ಪಿಡಿಎಫ್‌ಯುನೈಟ್ ಅಲ್ಲ, ಶೆಲ್. ಅದು ನಿಘಂಟಿನಂತೆ ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತದೆ. 10ರ ಮೊದಲ ಅಂಕಿ 1. ಅದು 2ಕ್ಕಿಂತ ಚಿಕ್ಕದು. ಆದ್ದರಿಂದ 'ಪಾಠ10' ಎಂಬ ಕಡತ 'ಪಾಠ2'ಕ್ಕಿಂತ ಮುಂದೆ ನಿಲ್ಲುತ್ತದೆ.

ಪರಿಹಾರ 1: ಮುಂದೆ ಸೊನ್ನೆ ಸೇರಿಸಿ

'ಪಾಠ02', 'ಪಾಠ10' ಎಂದು ಹೆಸರಿಟ್ಟರೆ ಸಮಸ್ಯೆ ಇಲ್ಲ. ಎಷ್ಟು ಸೊನ್ನೆ ಬೇಕು ಎಂಬುದನ್ನು ಕೊನೆಯ ಸಂಖ್ಯೆ ಹೇಳುತ್ತದೆ. ಕುರ್‌ಆನ್‌ನಲ್ಲಿ 114 ಸೂರಾಗಳಿವೆ. ಒಂದೊಂದನ್ನೂ ಬೇರೆ ಕಡತವಾಗಿ ಇಟ್ಟರೆ 001ರಿಂದ 114ರವರೆಗೆ ಮೂರು ಅಂಕಿ ಬೇಕು. ಬರೀ 1, 2, 3 ಎಂದಿಟ್ಟರೆ 2ನೆಯ ಸೂರಾ ಅಲ್-ಬಕರಾ 114ನೆಯ ಸೂರಾ ಅನ್ನಾಸ್ ಆದ ಮೇಲೆ ಬರುತ್ತದೆ!

ಪರಿಹಾರ 2: ಗುಂಪು ಮಾಡಿ ಬರೆಯಿರಿ

ಸೊನ್ನೆ ಇದ್ದರೂ ಕೆಲವೊಮ್ಮೆ ಸಾಲದು. ನಮ್ಮ ದ್ವಿತೀಯ ಪಿಯುಸಿ ಭೌತಶಾಸ್ತ್ರದ ಎನ್‌ಸಿಇಆರ್‌ಟಿ ಪುಸ್ತಕವನ್ನೇ ನೋಡಿ. ಮೊದಲ ಭಾಗದ 8 ಅಧ್ಯಾಯಗಳ ಕಡತಗಳು 'ಎಲ್‌ಇಪಿಎಚ್101'ರಿಂದ '108'ರವರೆಗೆ ಇವೆ. ಮುನ್ನುಡಿ, ಪರಿವಿಡಿ ಇರುವ ಕಡತ 'ಎಲ್‌ಇಪಿಎಚ್1ಪಿಎಸ್', ಉತ್ತರಗಳದ್ದು 'ಎಲ್‌ಇಪಿಎಚ್1ಎಎನ್'. ಅಂಕಿಗಳು ಅಕ್ಷರಗಳಿಗಿಂತ ಮೊದಲು ಬರುವುದರಿಂದ, ಬರೀ ನಕ್ಷತ್ರ ಹಾಕಿದರೆ ಪಾಠಗಳು, ಆಮೇಲೆ ಉತ್ತರಗಳು, ಕೊನೆಯಲ್ಲಿ ಮುನ್ನುಡಿ! ಬದಲಿಗೆ ಮೊದಲು '1ಪಿಎಸ್' ಕಡತದ ಪೂರ್ತಿ ಹೆಸರು, ನಂತರ 'ಎಲ್‌ಇಪಿಎಚ್10' ಬರೆದು ನಕ್ಷತ್ರ ಮತ್ತು '.ಪಿಡಿಎಫ್', ಆಮೇಲೆ '1ಎಎನ್' ಕಡತದ ಪೂರ್ತಿ ಹೆಸರು ಕೊಡಿ. ಎರಡನೆಯ ಭಾಗದಲ್ಲಿ '201' ಎಂದರೆ 9ನೆಯ ಅಧ್ಯಾಯ ಎಂಬುದು ನೆನಪಿರಲಿ.

ಜೋಡಿಸುವ ಮುನ್ನ

1. 'ಪಿಡಿಎಫ್‌ಯುನೈಟ್' ಇರುವ ಜಾಗದಲ್ಲಿ 'ಎಕೋ' ಎಂದು ಬರೆದು ಎಂಟರ್ ಒತ್ತಿ. ಏನೂ ಜೋಡಣೆಯಾಗುವುದಿಲ್ಲ, ಶೆಲ್ ಕೊಡಲಿರುವ ಕ್ರಮ ಮಾತ್ರ ಪರದೆಯ ಮೇಲೆ ಕಾಣುತ್ತದೆ.

2. ಹೊಸ ಕಡತದ ಹೆಸರನ್ನು ಮರೆಯಬೇಡಿ. ಮರೆತರೆ ಪಟ್ಟಿಯ ಕೊನೆಯ ಪಾಠದ ಹೆಸರನ್ನೇ ಹೊಸ ಕಡತದ ಹೆಸರೆಂದು ಪಿಡಿಎಫ್‌ಯುನೈಟ್ ತಿಳಿಯುತ್ತದೆ; ಆ ಪಾಠವನ್ನೇ ಕಳೆದುಕೊಳ್ಳಬಹುದು.

3. ಹೊಸ ಕಡತವನ್ನು ಬೇರೆ ಫೋಲ್ಡರ್‌ನಲ್ಲಿಡಿ. ಇಲ್ಲದಿದ್ದರೆ ಮತ್ತೊಮ್ಮೆ ನಕ್ಷತ್ರ ಹಾಕಿ ಜೋಡಿಸುವಾಗ ಅದೂ ಒಳಗೆ ಸೇರಿಕೊಳ್ಳಬಹುದು.

4. ಹಂಚುವ ಮೊದಲು ಪ್ರತಿ ಪಾಠದ ಮೊದಲ ಪುಟವನ್ನು ತೆರೆದು ನೋಡಿ.

ಸಹಪಾಠಿಗಳು ನಂಬಿ ನಮಗೆ ಒಪ್ಪಿಸಿದ ಕೆಲಸ ಅಮಾನತ್ ಇದ್ದಂತೆ. 'ಎಕೋ' ಹಾಕಿ ನೋಡಲು ಅರ್ಧ ನಿಮಿಷ ಸಾಕು.