ಮುಖದ ಮೇಲಿನ ಚಿಟ್ಟೆಯಾಕಾರದ ಮಚ್ಚೆ

ಚರ್ಮವು ದೇಹದ ಹೊದಿಕೆ ಮಾತ್ರವಲ್ಲ. ಒಳಗಿನ ಅಂಗಗಳ ತೊಂದರೆಯನ್ನು ಕೆಲವೊಮ್ಮೆ ಮೊದಲು ಸೂಚಿಸುವುದೂ ಅದೇ. ಹೀಗೆ ಚರ್ಮದಲ್ಲಿ ಗುರುತು ತೋರುವ ವಿರಳ ರೋಗಗಳಲ್ಲಿ ಲೂಪಸ್ ಒಂದು. ಇದಕ್ಕೆ ಒಳಗಾಗುವ 10 ಮಂದಿಯಲ್ಲಿ ಸುಮಾರು 9 ಮಂದಿ ಸ್ತ್ರೀಯರು; ಅವರಲ್ಲಿ ಹೆಚ್ಚಿನವರು ಮಕ್ಕಳನ್ನು ಪಡೆಯುವ ವಯಸ್ಸಿನವರು. ಆದುದರಿಂದ ಪತಿಪತ್ನಿಯರಿಬ್ಬರೂ ಇದನ್ನು ಅರಿತಿರುವುದು ಅವಶ್ಯಕ.

ರೋಗದ ಸ್ವರೂಪ

ಸೋಂಕನ್ನು ಎದುರಿಸಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಸ್ವಂತ ಅಂಗಗಳ ಮೇಲೆ ಎರಗುವುದರಿಂದ ಈ ರೋಗ ಉಂಟಾಗುತ್ತದೆ. ಇದು ಅಂಟುರೋಗವಲ್ಲ. ಜೊತೆಯಲ್ಲಿ ಉಣ್ಣುವುದರಿಂದಾಗಲಿ, ಸಂಸಾರ ನಡೆಸುವುದರಿಂದಾಗಲಿ ಹರಡುವುದಿಲ್ಲ. ದೃಷ್ಟಿಗೂ ನಾಗದೋಷಕ್ಕೂ ಇದಕ್ಕೂ ಸಂಬಂಧವಿಲ್ಲ.

ಚರ್ಮದ ಚಿಹ್ನೆಗಳು

1. ಎರಡು ಕೆನ್ನೆ ಹಾಗೂ ಮೂಗಿನ ಮೇಲೆ ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಮಚ್ಚೆ ಏಳುತ್ತದೆ. ಕಪ್ಪು ಮೈಬಣ್ಣದವರಲ್ಲಿ ಇದು ಕೆಂಪಾಗಿ ಕಾಣದೆ ಕಡುಗಪ್ಪಾಗಿ ಕಾಣಬಹುದು.
2. ಬಿಸಿಲಿನಲ್ಲಿ ಕೆಲಸ ಮಾಡಿದ ಮೇಲೆ ಮಚ್ಚೆ ಹೆಚ್ಚುತ್ತದೆ.
3. ಕಿವಿ, ನೆತ್ತಿಗಳಲ್ಲಿ ದುಂಡನೆಯ ಮಚ್ಚೆಗಳಾಗಿ, ಮಾಯ್ದ ಮೇಲೆ ಕಲೆ ಉಳಿಯಬಹುದು.
4. ಕೂದಲು ಬಹಳವಾಗಿ ಉದುರುತ್ತದೆ, ಬಾಯಿಯಲ್ಲಿ ಹುಣ್ಣುಗಳಾಗುತ್ತವೆ.

ಮುಖದ ಮಚ್ಚೆಗಳೆಲ್ಲವೂ ಲೂಪಸ್ ಅಲ್ಲ. ಅನೇಕ ಸ್ತ್ರೀಯರಲ್ಲಿ ಕಾಣುವ ಕಂದುಬಣ್ಣದ ಬಂಗು ಅಪಾಯಕಾರಿಯಲ್ಲ. ಆದರೆ ಮಚ್ಚೆಯೊಡನೆ ಬಿಡದ ಜ್ವರ, ಕೀಲುನೋವು, ಆಯಾಸ, ಕಾಲುಬಾವು ಅಥವಾ ನೊರೆಮೂತ್ರ ಇದ್ದಲ್ಲಿ ತಡಮಾಡಬಾರದು. ಬಾವು ಹಾಗೂ ನೊರೆಮೂತ್ರಗಳು ಮೂತ್ರಪಿಂಡಕ್ಕೆ ಹಾನಿ ತಟ್ಟಿರುವುದರ ಸೂಚನೆಯಾಗಿರಬಹುದು. ಅಂಗಡಿಯಿಂದ ಮುಲಾಮು ತಂದು ಹಚ್ಚುತ್ತಾ ಕಾಲ ಕಳೆದರೆ ಮಚ್ಚೆ ಮಾಸಬಹುದು, ರೋಗ ಒಳಗೇ ಬೆಳೆಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಅವರು ಸೂಚಿಸಿದಂತೆ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಹಾಗೂ ಮೂತ್ರ ಪರೀಕ್ಷೆ ಮಾಡಿಸಬೇಕು.

ಗರ್ಭಧಾರಣೆ ಮತ್ತು ಕುಟುಂಬ ಯೋಜನೆ

ಲೂಪಸ್ ಇರುವ ಸ್ತ್ರೀಯೂ ತಾಯಿಯಾಗಬಹುದು. ಆದರೆ ರೋಗವು ಕನಿಷ್ಠ 6 ತಿಂಗಳು ಶಾಂತವಾಗಿದ್ದ ಮೇಲೆ, ವೈದ್ಯರ ಒಪ್ಪಿಗೆ ಪಡೆದು ಗರ್ಭ ಧರಿಸುವುದು ಕ್ಷೇಮಕರ. ರೋಗ ಕೆರಳಿರುವಾಗ ಗರ್ಭ ನಿಂತರೆ ಗರ್ಭಪಾತ, ಅಕಾಲ ಹೆರಿಗೆ, ರಕ್ತದೊತ್ತಡಗಳ ಭಯ ಹೆಚ್ಚು. ಈ ರೋಗಕ್ಕೆ ಕೊಡುವ ಕೆಲವು ಔಷಧಿಗಳು ಶಿಶುವಿಗೆ ಹಾನಿಕರ. ಹೈಡ್ರಾಕ್ಸಿಕ್ಲೋರೋಕ್ವಿನ್‌ನಂತಹ ಕೆಲವನ್ನು ಗರ್ಭಿಣಿಯಾದಾಗಲೂ ಮುಂದುವರಿಸಬೇಕಾಗುತ್ತದೆ. ಆದುದರಿಂದ ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು.

ಅಲ್ಲಿಯವರೆಗೆ ನಿರೋಧ್ ಬಳಸಬಹುದು. ವೈದ್ಯರ ಸಲಹೆಯಂತೆ ಕಾಪರ್-ಟಿ ಹಾಕಿಸಿಕೊಳ್ಳಬಹುದು. ಮಾಲಾ-ಎನ್‌ನಂತಹ ಗುಳಿಗೆಗಳಲ್ಲಿ ಈಸ್ಟ್ರೋಜನ್ ಇರುವುದರಿಂದ ಕೆಲವು ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ವೈದ್ಯರನ್ನು ಕೇಳದೆ ಅವನ್ನು ಆರಂಭಿಸಬಾರದು.

ಪತಿಯ ಕರ್ತವ್ಯ

ಹೊಲದ ಕೆಲಸವನ್ನು ಬೆಳಗಿನ ಹಾಗೂ ಸಂಜೆಯ ತಂಪಿಗೆ ಹೊಂದಿಸಿಕೊಡುವುದು, ಬಿಸಿಲಿನಲ್ಲಿ ಛತ್ರಿ, ತುಂಬುತೋಳಿನ ರವಿಕೆಗಳಿಗೆ ಅವಕಾಶ ಮಾಡುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು ಪತಿಯ ಕರ್ತವ್ಯ. ಮುಖದ ಕಲೆಗಾಗಿ ಹೆಂಡತಿಯನ್ನು ತವರಿಗೆ ಕಳುಹಿಸುವುದು ಅನ್ಯಾಯ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ರೋಗವು ಹತೋಟಿಗೆ ಬಂದು, ಆಕೆ ಮನೆ ಮಕ್ಕಳೊಡನೆ ನೆಮ್ಮದಿಯಿಂದ ಬಾಳಬಲ್ಲಳು.