ಹಳೆಯ ದೋಣಿಗೆ ಹೊಸ ಎಂಜಿನು: ಎಷ್ಟು ಅಶ್ವಶಕ್ತಿ?

‘ಅಶ್ವಶಕ್ತಿ’ ಎಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು ಭೌತವಿಜ್ಞಾನದ ಪುಸ್ತಕದಲ್ಲಿ ಓದಿ, ಅದು 746 ವ್ಯಾಟ್ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತುಬಿಡುವುದುಂಟು. ಆದರೆ ಈ ಮುಂಬಯಿಯಲ್ಲಿ ಕನ್ನಡದಲ್ಲಿ ಓದುವ ಮಕ್ಕಳಲ್ಲಿ ಅನೇಕರ ಮನೆತನಗಳು ಕರಾವಳಿಯವು. ಗಂಗೊಳ್ಳಿ, ಮಲ್ಪೆ, ಭಟ್ಕಳ, ಹೊನ್ನಾವರಗಳ ಕಡೆ ಅಜ್ಜನದೋ ಮಾವನದೋ ನಾಡದೋಣಿಯೊಂದು ಇಂದಿಗೂ ಕಡಲಿಗೆ ಇಳಿಯುತ್ತಿರಬಹುದು. ಅದರ ಹಿಂತುದಿಗೆ ಕಟ್ಟಿದ ಔಟ್‌ಬೋರ್ಡ್ ಎಂಜಿನು ಸವೆದುಹೋದಾಗ ಊರಿನಿಂದ ಇಲ್ಲಿಗೆ ಕರೆ ಬರುವುದು ಹಣಕ್ಕಾಗಿ. ಎಷ್ಟು ಹಣ ಬೇಕೆಂಬುದು ಎಷ್ಟು ಅಶ್ವಶಕ್ತಿ ಬೇಕೆಂಬುದನ್ನು ಅವಲಂಬಿಸಿದೆ. ಸಾಲ ಮಾಡಿ ಕೊಂಡ ಎಂಜಿನು ದೋಣಿಗೆ ಹೊಂದದಿದ್ದರೆ ಆ ಸಾಲವನ್ನು ಕಡಲು ತೀರಿಸಿಕೊಡಲಾರದು. ಆದುದರಿಂದ ಈ ಲೆಕ್ಕವನ್ನು ನಾವು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

‘ಹತ್ತರ ಬದಲು ಇಪ್ಪತ್ತೈದರ ಎಂಜಿನು ಹಾಕಿದರೆ ದೋಣಿ ಎರಡೂವರೆ ಪಟ್ಟು ಬೇಗ ಓಡೀತು’ ಎಂಬುದು ಜನರ ಸಾಮಾನ್ಯ ಊಹೆ. ನೀರು ಈ ತ್ರೈರಾಶಿಗೆ ಒಗ್ಗುವುದಿಲ್ಲ. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಬೇಕಾಗುವ ಬಲ ಸ್ಥೂಲವಾಗಿ ವೇಗದ ಘನದಂತೆ ಏರುತ್ತದೆ. ವೇಗ ಇಮ್ಮಡಿಯಾಗಬೇಕಾದರೆ ಬಲ ಎಂಟು ಪಟ್ಟಾಗಬೇಕು. ಬಲ ಎರಡೂವರೆ ಪಟ್ಟಾದರೆ ವೇಗ ಹೆಚ್ಚುವುದು ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಅದೂ ಮುಂದೆ ಹೇಳುವ ಅಲೆಯ ತೊಡಕು ಎದುರಾಗದಿದ್ದಾಗಿನ ಮಾತು.

ಆ ತೊಡಕು ಯಾವುದೆಂಬುದನ್ನು ಅಪೋಲೋ ಬಂದರಿನಲ್ಲಿ ನಿಂತು ನೋಡಬಹುದು. ಎಲಿಫೆಂಟಾ ದ್ವೀಪಕ್ಕೆ ಹೊರಡುವ ಲಾಂಚಿನ ಮೂತಿಯ ಬಳಿ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯ ಒಂದು ತುದಿಯಿಂದ ಮುಂದಿನ ತುದಿಗಿರುವ ದೂರ ಹೆಚ್ಚುತ್ತ ಹೋಗುತ್ತದೆ. ಈ ದೂರವು ದೋಣಿಯ ಉದ್ದಕ್ಕೆ ಸಮವಾದಾಗ ದೋಣಿಯು ತಾನೇ ಎಬ್ಬಿಸಿದ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದು ಓಡುವುದಲ್ಲ, ಗುಡ್ಡ ಹತ್ತುವುದು. ಇಂಗ್ಲೆಂಡಿನ ವಿಲಿಯಂ ಫ್ರೌಡ್ ಎಂಬ ಎಂಜಿನಿಯರರು 1870ರ ದಶಕದಲ್ಲಿ ಟಾರ್ಕಿ ಎಂಬ ಊರಿನಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ, ಅದರಲ್ಲಿ ಹಡಗಿನ ಮಾದರಿಗಳನ್ನು ಎಳೆಸಿ, ಈ ವಿಷಯವನ್ನು ಅಳೆದು ತೋರಿಸಿದರು.

ಲೆಕ್ಕ ಸುಲಭವಾಗಿದೆ. ದೋಣಿಯಲ್ಲಿ ನೀರಿಗೆ ತಾಗಿರುವ ಭಾಗದ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಬೇಕು. ಬರುವುದು ಇಷ್ಟು ನಾಟ್ ಎಂಬ ವೇಗಮಿತಿ. ನೀರುಗೆರೆಯ ಉದ್ದ 25 ಅಡಿ ಎಂದಿಟ್ಟುಕೊಂಡರೆ ವರ್ಗಮೂಲ 5, ಮಿತಿ 6.7 ನಾಟ್, ಎಂದರೆ ಗಂಟೆಗೆ ಸುಮಾರು ಹನ್ನೆರಡೂವರೆ ಕಿಲೋಮೀಟರ್. ಈ ಮಿತಿ ಕಲ್ಲಿನ ಗೋಡೆಯಲ್ಲ. ಸಪುರವೂ ಹಗುರವೂ ಆದ ದೋಣಿ ಅದನ್ನು ಸ್ವಲ್ಪ ಮೀರುವುದುಂಟು. ಆದರೆ ಬಲೆ, ಮಂಜುಗಡ್ಡೆ, ಐದಾರು ಜನ, ದೇವರು ಕೊಟ್ಟರೆ ಬಂಗುಡೆ ಬೂತಾಯಿಗಳ ರಾಶಿ, ಇಷ್ಟನ್ನೂ ಹೊತ್ತ ದೋಣಿಗೆ ಮಿತಿಯ ಆಚೆಯ ಒಂದೊಂದು ನಾಟೂ ಬಲು ದುಬಾರಿ. ಎರಡು ಹೊಡೆತದ 10 ಅಶ್ವಶಕ್ತಿಯ ಪೆಟ್ರೋಲ್ ಎಂಜಿನು ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 4 ಲೀಟರ್ ಎಣ್ಣೆ ಕುಡಿಯುತ್ತದೆ. 25ರದ್ದು ಸುಮಾರು 10 ಲೀಟರ್. ನಾಲ್ಕು ಹೊಡೆತದ ಎಂಜಿನಿನಲ್ಲಿ ಖರ್ಚು ಗಮನಾರ್ಹವಾಗಿ ಕಡಿಮೆ. ವೇಗವನ್ನು ಹತ್ತನೆಯ ಒಂದು ಪಾಲು ತಗ್ಗಿಸಿದರೆ ಘನದ ಲೆಕ್ಕದಂತೆ ಬಲದಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಉಳಿಯುತ್ತದೆ ಎಂಬುದೂ ನೆನಪಿರಲಿ.

ಹಾಗಾದರೆ ಎಷ್ಟು ಬಲ ಸಾಕು? ತುಂಬಿದ ದೋಣಿಯ ಒಟ್ಟು ಭಾರದಲ್ಲಿ ಟನ್ನಿಗೆ 4ರಿಂದ 5 ಅಶ್ವಶಕ್ತಿ ಎಂಬುದು ಇಂಥ ದೋಣಿಗಳಿಗೆ ರೂಢಿಯಲ್ಲಿರುವ ಒರಟು ಲೆಕ್ಕ. ಎರಡು ಟನ್ನಿನ ದೋಣಿಗೆ 8ರಿಂದ 10 ಆಯಿತು.

ಇದನ್ನು ಓದಿ, ಎಂಜಿನು ಚಿಕ್ಕದಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಕರಾವಳಿಯ ದೋಣಿಗೆ ದೊಡ್ಡ ಪರೀಕ್ಷೆ ನಡುಗಡಲಿನಲ್ಲಿ ಅಲ್ಲ, ಅಳಿವೆಯಲ್ಲಿ. ಹೊಳೆಯ ನೀರು ಸಮುದ್ರವನ್ನು ಸೇರುವಲ್ಲಿ ಮರಳಿನ ದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಅಲ್ಲಿ ದೋಣಿಯ ಮೂತಿ ಅಲೆಗೆ ಎದುರಾಗಿಯೇ ನಿಲ್ಲಬೇಕು. ಬಲ ಸಾಲದೆ ಮಗ್ಗುಲು ತಿರುಗಿದರೆ ಮಗುಚುವುದಕ್ಕೆ ಒಂದೇ ಅಲೆ ಸಾಕು. ಆದುದರಿಂದ ಲೆಕ್ಕದಲ್ಲಿ ಬಂದ ಸಂಖ್ಯೆಗಿಂತ ಕೆಳಗೆ ಇಳಿಯುವುದು ಉಳಿತಾಯವಲ್ಲ, ಅಪಾಯ. 7 ಎಂದು ಲೆಕ್ಕ ಬಂದರೆ 8ರದನ್ನೋ 9.9ರದನ್ನೋ ಆರಿಸುವುದು ನಮ್ಮ ಅಭಿಪ್ರಾಯದಲ್ಲಿ ಸರಿಯಾದುದು.

ಮೇಲಿನ ಎಲ್ಲೆಯನ್ನು ಕಾನೂನೂ ಹಾಕಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವುಂಟು. 10 ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ ಅದರಿಂದ ವಿನಾಯಿತಿ. ದೊಡ್ಡ ಬೋಟುಗಳು ದಡದಲ್ಲಿರುವ ಆ ದಿನಗಳೇ ನಾಡದೋಣಿಯವರಿಗೆ ಸುಗ್ಗಿ. ಇಪ್ಪತ್ತೈದರ ಎಂಜಿನು ಕೊಂಡವರು ಆ ಸುಗ್ಗಿಯಲ್ಲಿ ಬಲೆ ಹೊಲಿಯುತ್ತ ಕುಳಿತಿರಬೇಕಾದೀತು.

ನೀರನ್ನು ಸೀಳದೆ ಅದರ ಮೇಲೆ ಜಾರುವ ಚಪ್ಪಟೆ ತಳದ ವೇಗದ ಬೋಟುಗಳ ನ್ಯಾಯವೇ ಬೇರೆ. ಅವು ಅಲೆಯ ಗುಡ್ಡವನ್ನು ಹತ್ತಿ ದಾಟಿಬಿಡುತ್ತವೆ. ಅವುಗಳಿಗೆ ದೊಡ್ಡ ಎಂಜಿನು ಸಾರ್ಥಕ. ಆದರೂ ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಬೋಟುಗಳಿಗೆ ಉದ್ದವನ್ನೂ ಹಿಂಬದಿಯ ಹಲಗೆಯ ಅಗಲವನ್ನೂ ಗುಣಿಸಿ, ಅದರಿಂದ ಅಶ್ವಶಕ್ತಿಯ ಮಿತಿಯನ್ನು ಗೊತ್ತುಮಾಡಿ, ತಗಡಿನ ಮೇಲೆ ಕೆತ್ತಿ ಬೋಟಿಗೆ ಹೊಡೆದಿರುತ್ತಾರೆ.

ಇನ್ನು ದೋಣಿ ಹಳೆಯದೆಂಬ ಮಾತು. ಎಂಜಿನಿನ ಭಾರವೂ ನೂಕುವ ಬಲವೂ ಹಿಂಬದಿಯ ಹಲಗೆಯೊಂದರ ಮೇಲೆಯೇ ಬೀಳುತ್ತವೆ. ಹತ್ತು ಹದಿನೈದು ಮಳೆಗಾಲ ಕಂಡ ಹಲಗೆಯ ಒಳಗೆ ನೀರು ಸೇರಿ ಮರ ಕೊಳೆತಿರಬಹುದು. ಮೇಲೆ ಫೈಬರ್ ಹೊದಿಸಿದ್ದರಂತೂ ಕಣ್ಣಿಗೆ ಕಾಣಿಸದು. ಚಿಕ್ಕ ಸುತ್ತಿಗೆಯಿಂದ ತಟ್ಟಿ ನೋಡಬೇಕು: ಗಟ್ಟಿ ಮರ ಕಣಿಲೆನ್ನುತ್ತದೆ, ಕೊಳೆತದ್ದು ಮಂದವಾಗಿ ಓಗೊಡುತ್ತದೆ. ನಾಲ್ಕು ಹೊಡೆತದ 9.9ರ ಎಂಜಿನು ಸುಮಾರು 40 ಕಿಲೋ ತೂಗಿದರೆ 25ರದ್ದು 60ರ ಆಚೀಚೆ. ಆ ಹೆಚ್ಚಿನ ಭಾರಕ್ಕೆ ಹಿಂತುದಿ ತಗ್ಗಿ, ಹಿಂದಿನಿಂದ ಬರುವ ಅಲೆ ಒಳಕ್ಕೆ ನುಗ್ಗುವುದೂ ಉಂಟು.

ಹಳೆಯ ಎಂಜಿನಿನ ಮೇಲೆ ಬರೆದ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬತಕ್ಕದ್ದಲ್ಲ. 1980ರ ದಶಕಕ್ಕೆ ಮೊದಲು ಬಲವನ್ನು ಎಂಜಿನಿನೊಳಗಿನ ದಂಡದಲ್ಲಿ ಅಳೆಯುತ್ತಿದ್ದರು. ಈಗ ಅಳೆಯುವುದು ಪ್ರೊಪೆಲ್ಲರಿನ ದಂಡದಲ್ಲಿ. ನಡುವಿನ ಹಲ್ಲುಚಕ್ರಗಳಲ್ಲಿ ಸ್ವಲ್ಪ ಬಲ ನಷ್ಟವಾಗುವುದರಿಂದ ಹೊಸ ಹತ್ತು ಹಳೆಯ ಹತ್ತಿಗಿಂತ ಬಲಶಾಲಿ. ಸೀಮೆಎಣ್ಣೆಯ ಎಂಜಿನು ಅದೇ ಗಾತ್ರದ ಪೆಟ್ರೋಲ್ ಎಂಜಿನಿಗಿಂತ ಕಡಿಮೆ ಬಲ ಕೊಡುತ್ತದೆ ಎಂಬುದನ್ನೂ ಹೋಲಿಸುವಾಗ ಗಮನಿಸಬೇಕು.

ಎಂಜಿನು ಬಂದ ಮೇಲೆ ಉಳಿಯುವುದು ಪ್ರೊಪೆಲ್ಲರು. ದೋಣಿಯನ್ನು ತುಂಬಿ ಪೂರ್ಣ ವೇಗ ಕೊಟ್ಟಾಗ, ತಯಾರಕರು ಸೂಚಿಸಿದಷ್ಟು ಸುತ್ತು ಎಂಜಿನು ತಿರುಗಬೇಕು. ಅದಕ್ಕಿಂತ ಕಡಿಮೆ ತಿರುಗಿದರೆ ರೆಕ್ಕೆಯ ಓರೆ ಹೆಚ್ಚಾಯಿತೆಂದು ಅರ್ಥ; ಎಂಜಿನು ಏದುಸಿರು ಬಿಡುತ್ತ ಬೇಗ ಸವೆಯುತ್ತದೆ. ಭಾರದ ದೋಣಿಗೆ ಓರೆ ಕಡಿಮೆಯಾದ, ಅಗಲವಾದ ರೆಕ್ಕೆಯೇ ಯೋಗ್ಯ. ಎಂಜಿನು ಚಿಕ್ಕದಾಯಿತೆಂದು ದೂರುವವರಲ್ಲಿ ಹಲವರು ನಿಜವಾಗಿ ಬದಲಿಸಬೇಕಾದದ್ದು ಇದನ್ನೇ.

ವಿದ್ಯಾರ್ಥಿಗಳು ಮಾಡತಕ್ಕ ಲೆಕ್ಕ: ನೀರುಗೆರೆಯ ಉದ್ದ 20 ಅಡಿ, ತುಂಬಿದ ಭಾರ ಒಂದೂವರೆ ಟನ್. ವೇಗದ ಮಿತಿ ಎಷ್ಟು? ಅಶ್ವಶಕ್ತಿ ಎಷ್ಟು ಬೇಕು? ರಜೆಯಲ್ಲಿ ಊರಿಗೆ ಹೋಗುವವರು ಅಲ್ಲಿಯ ದೋಣಿಯ ಅಳತೆಯನ್ನೇ ತೆಗೆದುಕೊಂಡು ಬಂದರೆ ಆ ಲೆಕ್ಕವನ್ನೂ ತರಗತಿಯಲ್ಲಿ ಬಿಡಿಸೋಣ.